ಗೋವಾಕ್ಕ ಹೋಗಾಕ ಗಂಡಸರಿಗಷ್ಟಽ ಪರವಾನಗಿ ಐತೇನ್ರಿ?

ನಮ್ಮ ಕಡೆ ಎಲ್ಲೂ ಬರದಿಡಲಾರದ ಕಾಯ್ದೆ ಒಂದು ಐತಿ. ಗಂಡಸರು ನಾಲ್ಕು ಮಂದಿ ಕೂಡಿ ಒಂದು ಗಾಡಿ ಮಾಡಕೊಂಡು ಗೋವಾಕ್ಕ ಹೊಂಟ್ರ ಯಾರೂ ಯಾಕ ಅಂತ ಕೇಳಂಗಿಲ್ಲ. "ಹೋಗಿ ಬರ್ಲಿ ಬಿಡ್ರಿ, ದುಡದು ದಣದಾರ" ಅಂತಾರ. ಅದಽ ಐವತ್ತು ದಾಟಿದ ಗಂಡ ಹೆಂಡ್ತಿ ಇಬ್ಬರಽ, ಮಕ್ಕಳು ಮೊಮ್ಮಕ್ಕಳನ್ನ ಬಿಟ್ಟು ಹೊಂಟ್ರ ಓಣಿ ಮಂದಿ ಎಲ್ಲಾ ಬಾಗಲಿಗೆ ಬಂದು ನಿಂದರತಾರ. ಈ ಕಾಯ್ದೆ ಯಾರು ಮಾಡಿದ್ರೋ ಗೊತ್ತಿಲ್ಲ. ಮುರೀಬೇಕು ಅನ್ನೂದು ಮಾತ್ರ ನನಗ ಗೊತ್ತೈತಿ. ಅದಕ್ಕಽ ಇವತ್ತು ಅಡಗಿ ಸುದ್ದಿ ಬಿಟ್ಟು ಇದನ್ನ ಬರಿಯಾಕ ಕುಂತೇನಿ.

ಹೋದ ಡಿಸೆಂಬರದಾಗ ಕಡ್ಲಿ ಬಿತ್ತಿಗಿ ಮುಗದು ಹೊಲದ ಕೆಲಸ ಸ್ವಲ್ಪ ಸಡ್ಲ ಆದ ಮ್ಯಾಲೆ ನಾವಿಬ್ಬರೂ ನವಲಗುಂದದಿಂದ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಬಸ್ಸಿನ್ಯಾಗ ಪಣಜಿಗೆ ಹೋಗಿ ಬಂದ್ವಿ. ಎರಡು ರಾತ್ರಿ, ಮೂರು ದಿನ. ಮದುವಿ ಆಗಿ 32 ವರ್ಷ ಆತು, ಇಬ್ಬರಽ ಹೋಗಿದ್ದು ಇದಽ ಮೊದಲು. ಹೋಗೂಕಿಂತ ಮೊದಲು ಕೇಳಿದ ಮಾತು ಹೇಳ್ತೀನಿ ಕೇಳ್ರಿ. ನಮ್ಮ ನೆಗೆಣ್ಣಿ, "ಅಕ್ಕಾರ, ಈ ವಯಸ್ಸಿಗೆ ಕಾಶಿಗೆ ಹೋಗೂದು ಬಿಟ್ಟು ಗೋವಾಕ್ಕ?" ಅಂದ್ಲು. ಮಗಳು ಫೋನ್ ಮಾಡಿ, "ಯವ್ವಾ, ನಮ್ಮನ್ನೂ ಕರದಿದ್ರ ನಾವೂ ಬರ್ತಿದ್ವಿ" ಅಂದ್ಲು. ಬಾಜೂ ಮನಿ ಅಜ್ಜಿ ಏನೂ ಅನ್ನಲಿಲ್ಲ, ಸೆರಗ ಬಾಯಿಗೆ ಅಡ್ಡ ಇಟಗೊಂಡು ನಕ್ಕಳು. ಆ ನಗಿಗಿ ಉತ್ತರಾ ಕೊಡೂದು ಎಲ್ಲಾಕಿಂತ ಕಷ್ಟ.

ಮೊದಲು ಮಗಳ ಮಾತಿಗೆ ಬರ್ತೀನಿ. ಮಕ್ಕಳು ಬಂದ್ರ ಏನ್ ತಪ್ಪು? ತಪ್ಪೇನಿಲ್ಲ. ಆದ್ರ ಮನಿ ಮಂದಿ ಎಲ್ಲಾ ಕೂಡಿ ಹೋಗೂ ಪ್ರವಾಸದಾಗ ಹೆಣ್ಣಮಗಳ ಪಾಲಿಗೆ ಏನು ಬರತೈತಿ, ಒಂದೀಟು ಲೆಕ್ಕಾ ಹಾಕ್ರಿ. ಹಿಂದಿನ ದಿನ ಎಂಟು ಮಂದಿಗೆ ಬುತ್ತಿ: ಕಡಕ್ ರೊಟ್ಟಿ, ಚಪಾತಿ, ಎಣ್ಣಿಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರನ್ನ. ಮೂರು ಗಂಟೆಕ್ಕ ಏಳೂದು. ಗಾಡಿ ಹತ್ತಿದ ಕೂಡ್ಲೆ ಒಂದು ಕೂಸಿಗೆ ವಾಂತಿ, ಇನ್ನೊಂದಕ್ಕ ಹಸಿವು. ಗುಡಿ ಮುಂದ ಚಪ್ಪಲಿ ಕಾಯೂದು, ದಂಡಿ ಮ್ಯಾಲೆ ಅರಬಿ ಕಾಯೂದು. ರಾತ್ರಿ ರೂಮಿನ್ಯಾಗ ಎಲ್ಲಾರಿಗೂ ಹಾಸಿ ಹೊದಿಸಿ ಕಡೀಕ ಮೂಲ್ಯಾಗ ಮಲಗೂದು. ಊರು ಬದಲಾಗತೈತಿ, ಕೆಲಸ ಬದಲಾಗಂಗಿಲ್ಲ. ಮನ್ಯಾಗ ಆದ್ರೂ ಯಾವ ಡಬ್ಬಿ ಎಲ್ಲೈತಿ ಅಂತ ಗೊತ್ತಿರತೈತಿ, ಅಲ್ಲಿ ಅದೂ ಇಲ್ಲ. ಮಕ್ಕಳ ಮ್ಯಾಲೆ ಪ್ರೀತಿ ಇಲ್ಲಂತಲ್ಲ. ಮಕ್ಕಳು ಕಣ್ಣ ಮುಂದಿದ್ರ ತಾಯಿ ಕೈ ಸುಮ್ನ ಇರಂಗಿಲ್ಲ, ಅದಕ್ಕಽ ಅವರನ್ನ ಬಿಟ್ಟು ಹೋಗೂದು.

ಇನ್ನ ಕಾಶಿ ಮಾತು. ದೇವರಿಗೆ ಹೋಗೂದು ಬ್ಯಾಡ ಅಂತ ನಾ ಅನ್ನಂಗಿಲ್ಲ. ಸವದತ್ತಿ, ಗೋಕರ್ಣ, ಧರ್ಮಸ್ಥಳ, ಶ್ರೀಶೈಲ ಎಲ್ಲಾ ಆಗ್ಯಾವ, ಮುಂದೂ ಆಗತಾವ. ಆದ್ರ ಹೆಣ್ಣಮಗಳು ಮನಿ ಹೊಸ್ತಲ ದಾಟಬೇಕಂದ್ರ ಒಂದು ದೇವರು ಇಲ್ಲಾ ಒಂದು ಮದುವಿ ಇಲ್ಲಾ ಒಂದು ಬಾಣಂತನ ನೆವ ಆಗಬೇಕು, ಇದ್ಯಾವ ನ್ಯಾಯ? ಗಂಡಸರಿಗೆ ಈ ಚೀಟಿ ಯಾರು ಕೇಳ್ತಾರ? "ನನಗ ನೋಡಬೇಕು ಅನಿಸಿತು, ಹೋದೆ" ಅನ್ನೂ ಕಾರಣ ಅವರಿಗೆ ಸಾಕಾಗತೈತಿ. ನಮಗೂ ಸಾಕಾಗಬೇಕು.

ನಮ್ಮ ಅತ್ತಿಯವರು ತೀರಿಕೊಂಡಾಗ ಅವರಿಗೆ 78 ವರ್ಷ. ಸಮುದ್ರ ನೋಡಲಿಲ್ಲ. ಹುಬ್ಬಳ್ಳಿಯಿಂದ ಪಣಜಿ ಸುಮಾರು 180 ಕಿಲೋಮೀಟರ, ಐದಾರು ತಾಸಿನ ಹಾದಿ. ನಮ್ಮ ಮಾವನವರು ಉಳ್ಳಾಗಡ್ಡಿ ಲಾರಿ ಸಂಗಾಟ ನಾಲ್ಕೈದು ಸಲ ಹೋಗಿ ಬಂದಿದ್ರು. ಬರ್ತಾ ಗೋಡಂಬಿ ತರ್ತಿದ್ರಂತ. ಅತ್ತಿಯವರು ಗೋವಾದ ಗೋಡಂಬಿ ತಿಂದ್ರು, ಗೋವಾ ನೋಡಲಿಲ್ಲ. ಯಾರೂ ಅವರನ್ನ ಕಟ್ಟಿ ಹಾಕಿರಲಿಲ್ಲ. "ನೀ ಬರ್ತಿ ಏನ?" ಅಂತ ಯಾರೂ ಕೇಳಲಿಲ್ಲ, ಅಷ್ಟಽ. ನಮ್ಮ ಹಳ್ಳ್ಯಾಗ ಇಂಥಾ ಅತ್ತಿ, ಇಂಥಾ ಅವ್ವ ಮನಿಗೊಬ್ರು ಸಿಗತಾರ.

ಗೋವಾ ಅಂದ್ರ ಕುಡಿಯೂ ಊರು, ಅಲ್ಲಿ ಮರ್ಯಾದಸ್ಥ ಹೆಣ್ಣಮಕ್ಕಳಿಗೆ ಏನು ಕೆಲಸ ಅಂತಾರ. ಈ ಹೆಸರು ಕೊಟ್ಟವರು ಯಾರ್ರಿ? ಹೋಗಿ ಕುಡದು ಬಂದವರಽ! ಮಾಂಡೋವಿ ನದ್ಯಾಗ ನಿಂತ ಕ್ಯಾಸಿನೋ ಹಡಗ ನೋಡಿ ಬಂದು ಅದಽ ಗೋವಾ ಅಂತ ಹೇಳಿದ್ರ ನಾವೂ ನಂಬಿಕೊಂಡು ಕುಂತ್ವಿ. ಗೋವಾ ನಮಗ ಪರದೇಶ ಅಲ್ಲ, ಬೀಗರೂರು. ಚಾಲುಕ್ಯರ ಆರನೇ ವಿಕ್ರಮಾದಿತ್ಯ ತನ್ನ ಮಗಳು ಮೈಲಲದೇವಿನ್ನ ಕೊಟ್ಟಿದ್ದು ಗೋವಾದ ಕದಂಬರ ಇಮ್ಮಡಿ ಜಯಕೇಶಿಗೆ. ಅಣ್ಣಿಗೇರಿ ಅಮೃತೇಶ್ವರ ಗುಡಿ 76 ಕಂಬ ನಿಂದರಿಸಿದ ಚಾಲುಕ್ಯರ ಕಾಲ ಅಂದ್ರ ಇದಽ. ಇವತ್ತಿಗೂ ಗೋವಾದ ಸರಕಾರಿ ಬಸ್ಸಿನ ಮ್ಯಾಲೆ "ಕದಂಬ" ಅಂತ ಬರದಿರತೈತಿ. ಆ ಬಸ್ಸು ನೋಡಿದ್ರ ನಮ್ಮ ಮಂದಿಗೆ ಬಾಟಲಿ ನೆನಪಾಗತೈತಿ, ಕದಂಬರು ನೆನಪಾಗಂಗಿಲ್ಲ.

ಹಳೇ ಗೋವಾಕ್ಕ ಹೋಗಿದ್ವಿ. 1510ರಾಗ ಪೋರ್ಚುಗೀಸರು ಇದನ್ನ ನಮ್ಮ ವಿಜಾಪುರದ ಆದಿಲಶಾಹಿ ಕೈಯಿಂದ ಕಸಗೊಂಡ್ರು. ಸೇ ಕ್ಯಾಥೆಡ್ರಲ್ ಹತ್ರ ಆದಿಲಶಾಹಿ ಅರಮನಿದು ಕರಿಕಲ್ಲಿನ ಬಾಗಲ ಚೌಕಟ್ಟು ಒಂದಽ ಉಳದೈತಿ. ಅದರ ಕೆತ್ತನಿ ನೋಡಿದ್ರ ನಮ್ಮ ಕಡೆ ಗುಡಿ ಬಾಗಲ ನೆನಪಾಗತೈತಿ. 1605ರಾಗ ಮುಗದ ಬಾಮ್ ಜೀಸಸ್ ಬೆಸಿಲಿಕಾದಾಗ ಸಂತ ಫ್ರಾನ್ಸಿಸ್ ಝೇವಿಯರ್ ದೇಹ ಬೆಳ್ಳಿ ಪೆಟ್ಟಿಗ್ಯಾಗ ಐತಿ. ಈ ಚರ್ಚುಗಳನ್ನ 1986ರಾಗ ಯುನೆಸ್ಕೋದವರು ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ಯಾರ. ಅಷ್ಟು ದೊಡ್ಡ ಪಟ್ಟಣ ಬ್ಯಾನಿಗಳಿಗೆ ಅಂಜಿ ಮಂದಿ ಬಿಟ್ಟುಹೋಗಿ, 1843ರಾಗ ರಾಜಧಾನಿನೂ ಪಣಜಿಗೆ ಹೋತು. ಈಗ ಅಲ್ಲಿ ಮನಿಗಿಂತ ಚರ್ಚು ಹೆಚ್ಚು. ನಮ್ಮ ಮನಿಯವರು ಒಂದು ಕಲ್ಲಿನ ಮೆಟ್ಟಲ ಮ್ಯಾಲೆ ಕುಂತು, "ನಮ್ಮ ಹೊಲದಾಗಿನ ಮೆಣಸಿನಕಾಯಿ ಈ ಹಾದೀಲೇ ಬಂದಿದ್ದು ನೋಡು" ಅಂದ್ರು. ಖರೇ ಐತಿ. ಮೆಣಸಿನಕಾಯಿ ನಮ್ಮ ದೇಶಕ್ಕ ತಂದವರು ಪೋರ್ಚುಗೀಸರು. ಕುಂದಗೋಳ, ಅಣ್ಣಿಗೇರಿ ಕಡೆ ಕಣದಾಗ ಕೆಂಪಗ ಹರವಿದ ಬ್ಯಾಡಗಿ ಮೆಣಸಿನಕಾಯಿ ಮೂಲ ಸಮುದ್ರದಾಚೆ. ದಿನಾ ಖಾರ ಕುಟ್ಟೂ ಹೆಣ್ಣಮಗಳಿಗೆ ಈ ಊರಾಗ ಕೆಲಸ ಇಲ್ಲಂದ್ರ ಮತ್ತ ಯಾರಿಗೈತಿ?

32 ವರ್ಷದಾಗ ನಾವು ಆಡಿದ ಮಾತಂದ್ರ ಬಿತ್ತಿಗಿ, ಬಡ್ಡಿ, ಫೀ, ಲಗ್ನ, ದವಾಖಾನಿ. ಮನ್ಯಾಗ ಅವರು "ಚಾ" ಅಂತಾರ, ನಾ "ತಗೋರಿ" ಅಂತೀನಿ, ದಿನ ಹೋಗತೈತಿ. ಅಲ್ಲಿ ಪಣಜಿಯಿಂದ ಬೇತಿಗೆ ದಾಟೂ ಫೆರಿ ಹತ್ತಿದ್ವಿ. ಕಾಲ್ನಡಗಿ ಮಂದಿಗೆ ರೊಕ್ಕಿಲ್ಲ. ಬರಾಕ ಹೋಗಾಕ ಮೂರು ಸಲ ದಾಟಿದ್ವಿ, ಸುಮ್ನ. ಆವಾಗ ಅವರು ಸಣ್ಣವರಿದ್ದಾಗಿನ ಒಂದು ಸಂಗತಿ ಹೇಳಿದ್ರು, ನಾ ಅದನ್ನ ಒಮ್ಮಿನೂ ಕೇಳಿರಲಿಲ್ಲ. ಇಷ್ಟು ವರ್ಷ ಒಂದಽ ತಾಟಿನ ಸಂಸಾರ ಮಾಡಿ ಗಂಡನ ಮನಸ್ಸಿನ್ಯಾಗ ಇನ್ನೂ ಕೇಳಲಾರದ ಮಾತು ಉಳದಾವಂದ್ರ, ಅದನ್ನ ಕೇಳಾಕ ಮೂರು ದಿನ ಕೊಡೂದು ಮಜಾ ಅಲ್ಲ, ಜರೂರತ್ತು. ಮಕ್ಕಳು ರೆಕ್ಕಿ ಬಲತು ಹಾರಿದ ಮ್ಯಾಲೆ ಮನ್ಯಾಗ ಉಳಿಯೂದು ನಾವಿಬ್ಬರಽ. ಆವಾಗ ಒಬ್ಬರಿಗೊಬ್ಬರು ಗುರ್ತಾ ಇಲ್ಲದವರಾಂಗ ಟಿವಿ ಮುಂದ ಕುಂದರೂ ಮನಿ ನಮ್ಮ ಓಣ್ಯಾಗ ಎಷ್ಟದಾವ, ನೀವಽ ಎಣಿಸ್ರಿ.

ಈಗ ಎಲ್ಲಾಕಿಂತ ಕಡಕ್ ಮಾತು. ಪಣಜಿಯೊಳಗ ಹರಿಯೂ ಮಾಂಡೋವಿ ಯಾವುದಂತ ಗೊತ್ತೈತೇನ್ರಿ? ಅದಽ ನಮ್ಮ ಮಹದಾಯಿ. ಖಾನಾಪುರ ತಾಲೂಕಿನ ಭೀಮಗಡದ ಅಡವ್ಯಾಗ ಹುಟ್ಟಿ, ಗೋವಾ ಹೊಕ್ಕು, ಪಣಜಿ ಹತ್ರ ಸಮುದ್ರ ಸೇರತೈತಿ. ಇದರ ನೀರಿನ ಸಲುವಾಗಿ 2015ರಾಗ ನರಗುಂದ, ನವಲಗುಂದದಾಗ ಹೋರಾಟ ಎದ್ದಾಗ ಹೆಣ್ಣಮಕ್ಕಳು ರೊಟ್ಟಿ ಗಂಟು ಕಟಗೊಂಡು ಬಂದು ರಸ್ತಾದಾಗ ಕುಂತ್ರು. 2016ರಾಗ ಯಮನೂರಾಗ ಹೆಣ್ಣಮಕ್ಕಳು ಪೊಲೀಸರ ಲಾಠಿ ತಿಂದ್ರು. 2018ರಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಅಂತ ತೀರ್ಪು ಕೊಡ್ತು. ಆವಾಗ ಯಾವ ಹಿರಿಯಾರೂ "ಮಕ್ಕಳನ್ನ ಬಿಟ್ಟು ರಸ್ತೆಕ್ಕ ಯಾಕ ಬಂದಿ" ಅಂತ ಕೇಳಲಿಲ್ಲ. ನದಿ ಸಲುವಾಗಿ ಲಾಠಿ ತಿನ್ನಾಕ ಹೆಣ್ಣು ಬೇಕು, ಆ ನದಿ ಸಮುದ್ರ ಸೇರೂದು ನೋಡಾಕ ಹೋದ್ರ ನಾಚಿಕಿ ಇಲ್ಲದಾಕಿ! ಮಿರಾಮಾರ ದಂಡಿ ಮ್ಯಾಲೆ ನಿಂತು ಆ ನೀರು ನೋಡಿದಾಗ ನನಗ ಬಂದಿದ್ದು ಸಿಟ್ಟು. ಇಷ್ಟು ಹತ್ರ ಇದ್ದದ್ದನ್ನ ಇಷ್ಟು ದೂರ ಮಾಡಿ ಇಟ್ಟಿದ್ರಲ್ಲ ಅಂತ.

ರೊಕ್ಕದ ಮಾತು ಬಿಡಂಗಿಲ್ಲ. ಮಳಿ ಕೈ ಕೊಟ್ಟ ವರ್ಷ, ಸಾಲ ಇದ್ದ ಮನಿಗೆ ಗೋವಾ ಹೇಳಾಕ ನನಗೂ ಬಾಯಿ ಬರಂಗಿಲ್ಲ. ಆದ್ರ ಮಗನ ಮದುವಿಗೆ ಸಾವಿರ ಮಂದಿಗೆ ಊಟಾ ಹಾಕಾಕ ಸಾಲ ಸಿಗತೈತಿ, ಮೊಮ್ಮಗನ ಹುಟ್ಟಿದ ಹಬ್ಬಕ್ಕ ಪೆಂಡಾಲ ಹಾಕಾಕ ರೊಕ್ಕ ಇರತೈತಿ, ಇದಕ್ಕಷ್ಟಽ ಇರಂಗಿಲ್ಲ. ನಾವು ಸರಕಾರಿ ಬಸ್ಸಿಗೆ ಹೋದ್ವಿ, ಸಾದಾ ಲಾಡ್ಜಿನ್ಯಾಗ ಇದ್ವಿ, ಇಡ್ಲಿ ಪೂರಿ ಸಿಗೂ ಹೋಟೆಲಿನ್ಯಾಗ ಉಂಡ್ವಿ. ಎಲ್ಲಾ ಕೂಡಿ ಆರು ಸಾವಿರದೊಳಗ ಆತು. ಅದೂ ಆಗಂಗಿಲ್ಲಂದ್ರ ಕಲಘಟಗಿ ಹಾದೀಲೇ ಯಲ್ಲಾಪುರ, ಕಾರವಾರ ಅದಾವ. ದೂರ ಎಷ್ಟಂತಲ್ಲ, ಇಬ್ಬರಽ ಹೋಗ್ರಿ ಅಂತ ನನ್ನ ಮಾತು.

ಇನ್ನೊಂದು ಖರೇ ತಕರಾರು ಐತಿ: ನಮ್ಮ ಕೆಲಸ ಸೊಸಿ ತಲಿ ಮ್ಯಾಲೆ ಬೀಳತೈತಿ. ಅದಕ್ಕ ಲೆಕ್ಕಾ ಸಮ ಇರಬೇಕು. ನಾವು ಹೋದ ಮೂರು ದಿನ ದನಾ ನೋಡಿದ್ದು ಮಗಾ, ಅಡಗಿ ಮಾಡಿದ್ದು ಸೊಸಿ. ಉಗಾದಿ ಮುಗದ ಮ್ಯಾಲೆ ಅವರಿಬ್ಬರೂ ಹೋಗ್ಲಿ, ಹುಡುಗರನ್ನ ನಾವು ನೋಡ್ಕೊಂತೀವಿ ಅಂತ ಮೊದಲಽ ಮಾತಾಗೇತಿ. ಸೊಸಿ 55 ಆಗೂಮಟಾ ಯಾಕ ಕಾಯಬೇಕು?

ಗಂಡಸರಿಗೆ ಒಂದು ಮಾತು. ಮುಂದಿನ ಸಲ ಗೆಳ್ಯಾರ ಸಂಗಾಟ ಗಾಡಿ ಬುಕ್ ಮಾಡೂಕಿಂತ ಮೊದಲು ಅಡಗಿಮನಿ ಬಾಗಲಕ್ಕ ಬಂದು "ನೀ ಬರ್ತಿ ಏನ?" ಅಂತ ಕೇಳ್ರಿ. ಕೇಳಾಕ ರೊಕ್ಕ ಬೀಳಂಗಿಲ್ಲ. ಮಕ್ಕಳಿಗೆ ಒಂದು ಮಾತು: ಅವ್ವ ಅಪ್ಪ ಇಬ್ಬರಽ ಹೊಂಟ್ರ ನಗಬ್ಯಾಡ್ರಿ, ಬಸ್ ಸ್ಟ್ಯಾಂಡಿನ ಮಟಾ ಬಿಟ್ಟು ಬರ್ರಿ. ನನ್ನ ವಾರಿಗಿ ಅಕ್ಕಾರ ತಂಗ್ಯಾರಿಗೆ ಹೇಳೂದು ಇಷ್ಟಽ: ಅವರು ಕೇಳಲಿಲ್ಲಾಂದ್ರ ನೀವಽ ಕೇಳ್ರಿ. ಮನಿ ಯಾರು ನೋಡ್ತಾರ ಅನಬ್ಯಾಡ್ರಿ, ಮನಿ ಎಲ್ಲೂ ಓಡಿ ಹೋಗಂಗಿಲ್ಲ. ನಡಿಯೂ ಕಾಲು ಮಾತ್ರ ನಮಗ ಕಾಯಂಗಿಲ್ಲ.