ಗ್ರಹಣ ಮತ್ತು ಗಣಿತ

ಧರ್ಮವು ವಿಜ್ಞಾನದ ಮುನ್ನಡೆಗೆ ನೆರವಾಯಿತೇ, ಅಡ್ಡಿಯಾಯಿತೇ? ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ಅದು ನ್ಯಾಯವಲ್ಲ.

ಗಣಿತಜ್ಞ ಎರಡನೆಯ ಭಾಸ್ಕರಾಚಾರ್ಯನು 1114ರಲ್ಲಿ ಜನಿಸಿದನು. ಅವನು ಹೆಸರಿಸಿದ ವಿಜ್ಜಡವಿಡವೇ ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರ ಮತ. ಅದನ್ನು ಒಪ್ಪದವರೂ ಉಂಟು. 1150ರಲ್ಲಿ ರಚಿಸಿದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅವನು, ಭೂಮಿಗೊಂದು ಆಧಾರವಿದ್ದರೆ ಆ ಆಧಾರಕ್ಕೆ ಆಧಾರ ಯಾವುದೆಂದು ಪ್ರಶ್ನಿಸಿ, ಭೂಮಿಯು ಆಕಾಶದಲ್ಲಿ ತಾನಾಗಿಯೇ ನಿಂತಿದೆಯೆಂದು ವಾದಿಸಿದನು. ಭೂಮಿಯ ನೆರಳಿನಿಂದ ಚಂದ್ರಗ್ರಹಣವಾಗುವುದೆಂದು ಲೆಕ್ಕವಿಟ್ಟು ತೋರಿಸಿದನು. ಆದರೂ ಪುರಾಣದ ರಾಹುವನ್ನು ಕೈಬಿಡಲಾರದೆ, ರಾಹುವು ಆ ನೆರಳನ್ನು ಹೊಕ್ಕು ಚಂದ್ರನನ್ನು ಮರೆಮಾಡುವನೆಂದು ಹೊಂದಿಸಿ ಹೇಳಿದನು. ಇಲ್ಲಿ ನಂಬಿಕೆಯು ವಿಚಾರವನ್ನು ಹಿಂದಕ್ಕೆಳೆಯಿತು.

ಆದರೆ ಇನ್ನೊಂದು ಮುಖವೂ ಇದೆ. ವ್ರತ, ಪರ್ವಗಳ ಕಾಲವನ್ನು ಗೊತ್ತುಪಡಿಸುವ ಅಗತ್ಯವು ಖಗೋಳ ಗಣಿತವನ್ನು ಬೆಳೆಸಿತು. ಭಾಸ್ಕರನ ಗ್ರಂಥಗಳ ಅಧ್ಯಯನಕ್ಕೆಂದು ಅವನ ಮೊಮ್ಮಗ ಚಂಗದೇವನು ಮಹಾರಾಷ್ಟ್ರದ ಪಾಟಣದಲ್ಲಿ ಸ್ಥಾಪಿಸಿದುದು ಒಂದು ಮಠವನ್ನೇ. 1207ರ ಶಾಸನವು ಇದಕ್ಕೆ ಸಾಕ್ಷಿ.

ಎಂಟು ಶತಮಾನಗಳು ಕಳೆದವು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು, ನೆರೆಯ ಕಲಬುರಗಿ ಜಿಲ್ಲೆಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ಗುಣವಾಗುವುದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಹೆತ್ತವರಲ್ಲಿ ಮಮತೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಪ್ರಶ್ನೆಗೆ.

ಪ್ರಶ್ನೆಗೆ ಎಡೆಗೊಟ್ಟ ಧರ್ಮವು ವಿಜ್ಞಾನಕ್ಕೆ ಆಶ್ರಯವಾಯಿತು. ಪ್ರಶ್ನೆಯನ್ನು ತಡೆದುದು ಸಂಕೋಲೆಯಾಯಿತು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಮಕ್ಕಳ ತಲೆಯ ಮೇಲಿರುವುದು ಭಾಸ್ಕರನು ಅಳೆದ ಆಕಾಶವೇ. ಮುಂದಿನ ಗ್ರಹಣದಂದು ಅವರು ಬಾಗಿಲು ಮುಚ್ಚಿ ಒಳಗೆ ಕುಳಿತುಕೊಳ್ಳದೆ, ತಕ್ಕ ಕನ್ನಡಕ ಧರಿಸಿ ಅಂಗಳಕ್ಕೆ ಬರಲಿ.