ತಡೆಹಿಡಿದ ಚಿತ್ರಪಟ

ಶ್ರೀಮತಿ ಸಂಧ್ಯಾ ಸೂರಿಯವರ ಪ್ರಥಮ ಕಥಾಚಿತ್ರವಾದ ‘ಸಂತೋಷ್’ 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ಪ್ರದರ್ಶಿತವಾಗಿ ವಿಮರ್ಶಕರ ಪ್ರಶಂಸೆಗೆ ಪಾತ್ರವಾಯಿತು. ಬ್ರಿಟನ್ ದೇಶವು ಅದನ್ನು ತನ್ನ ಪ್ರತಿನಿಧಿಯೆಂದು ಆಸ್ಕರ್ ಸ್ಪರ್ಧೆಗೆ ಕಳಿಸಿತು. ಆದರೆ ಹಿಂದೀ ಭಾಷೆಯ ಈ ಚಿತ್ರವನ್ನು ನಮ್ಮ ದೇಶದ ಚಿತ್ರಮಂದಿರಗಳಲ್ಲಿ ತೋರಿಸಲು ಪ್ರಮಾಣೀಕರಣ ಮಂಡಳವು 2025ರಲ್ಲಿ ಒಪ್ಪಲಿಲ್ಲ. ಮಂಡಳವು ಸೂಚಿಸಿದ ಕತ್ತರಿಪ್ರಯೋಗವನ್ನೆಲ್ಲ ಮಾಡಿದರೆ ಚಿತ್ರಕ್ಕೆ ಅರ್ಥವೇ ಉಳಿಯುವುದು ಕಷ್ಟವೆಂಬುದು ನಿರ್ದೇಶಕಿಯವರ ಅಳಲು. ಅದೇ ವರ್ಷದ ಅಕ್ಟೋಬರದಲ್ಲಿ ಅಂತರಜಾಲದ ಮೂಲಕ ಮನೆಮನೆಗೆ ಮುಟ್ಟಿಸುವ ಯತ್ನವೂ ನಿಂತುಹೋಯಿತು.

ಕಥೆಯಾದರೂ ಎಂಥದು? ಗಲಭೆಯಲ್ಲಿ ಮಡಿದ ಪೋಲೀಸ ಶಿಪಾಯಿಯ ನೌಕರಿಯು ಅನುಕಂಪದ ಆಧಾರದ ಮೇಲೆ ಅವನ ಹೆಂಡತಿಗೆ ದೊರೆಯುತ್ತದೆ. ಇಂಥ ನೌಕರಿ ಕನ್ನೊಳ್ಳಿಯಂಥ ಊರಿಗೂ ಹೊಸತಲ್ಲ. ಅವಳ ಕಣ್ಣಮುಂದೆಯೇ ದಲಿತ ಬಾಲಿಕೆಯೊಬ್ಬಳ ಕೊಲೆಯ ತನಿಖೆ ಸಾಗುತ್ತದೆ; ಜನರ ಆಕ್ರೋಶವನ್ನು ತಣಿಸಲು ಮುಸಲ್ಮಾನ ತರುಣನೊಬ್ಬನನ್ನು ಹಿಡಿತರಲಾಗುತ್ತದೆ; ಠಾಣೆಯ ಹೊಡೆತಕ್ಕೆ ಅವನು ಸಾಯುತ್ತಾನೆ. ಇದರಿಂದ ಪೋಲೀಸ ಖಾತೆಯ ಮಾನ ಹೋದೀತೆಂಬ ಅಂಜಿಕೆ ನಮಗೆ ವಿಚಿತ್ರವಾಗಿ ತೋರುತ್ತದೆ. 2012ರ ಜನೆವರಿ 1ರಂದು ನಮ್ಮ ಸಿಂದಗಿಯ ತಹಶೀಲದಾರ ಕಚೇರಿಯ ಮೇಲೆ ಪಾಕಿಸ್ತಾನದ ಧ್ವಜ ಕಾಣಿಸಿಕೊಂಡಾಗ ಊರು ಕುದಿಯಿತು. ಯಾರ ಕಡೆಗೆ ಬೊಟ್ಟು ಹೋಯಿತೆಂದು ಹೇಳಬೇಕಾಗಿಲ್ಲ. ಆದರೆ ಪೋಲೀಸರು ಬೀದಿಯ ಕೂಗಿಗೆ ಕಿವಿಗೊಡದೆ, ಕಲಹ ಹೂಡಲೆಂದೇ ಧ್ವಜವೇರಿಸಿದರೆಂಬ ಆರೋಪದ ಮೇಲೆ ಹಿಂದೂ ತರುಣರನ್ನೇ ಬಂಧಿಸಿದರು. ಹೀಗೆ ನಡೆದುಕೊಳ್ಳಬಲ್ಲ ಖಾತೆಯು ಒಂದು ಚಿತ್ರಪಟಕ್ಕೆ ಏಕೆ ಬೆದರಬೇಕು?

ಕನ್ನಡಿಗರಿಗೆ ಈ ಅನುಭವವು ಹಳೆಯದು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಪ್ರಥಮ ಚಿತ್ರ ‘ಸಂಸ್ಕಾರ’ವನ್ನು ಮದ್ರಾಸಿನ ಸೆನ್ಸಾರರು ಜಾತಿಕಲಹದ ಭಯದಿಂದ ತಡೆದಿದ್ದರು. ಕೇಂದ್ರ ಸರಕಾರದಿಂದ ಬಿಡುಗಡೆ ದೊರೆತ ಮೇಲೆ ಅದೇ ಚಿತ್ರಕ್ಕೆ 1970ರ ಸುವರ್ಣಕಮಲ ಸಂದಿತು. ಕಲಹವಂತೂ ಏಳಲಿಲ್ಲ. ಗಲಭೆಯ ಬೆದರಿಕೆಯನ್ನು ಮುಂದೊಡ್ಡಿ ಚಿತ್ರವನ್ನು ಅದುಮಲಾಗದೆಂದು ಸರ್ವೋಚ್ಚ ನ್ಯಾಯಾಲಯವೂ 1989ರ ರಂಗರಾಜನ್ ಪ್ರಕರಣದಲ್ಲಿ ನಿರ್ಣಯಿಸಿದೆ.

ಆದರೆ ನ್ಯಾಯ ಕೇಳುವ ಬಾಗಿಲು ಈಗ ಇಕ್ಕಟ್ಟಾಗಿದೆ. ಮಂಡಳದ ನಿರ್ಣಯವನ್ನು ಪ್ರಶ್ನಿಸಲು ಇದ್ದ ಮೇಲ್ಮನವಿ ನ್ಯಾಯಾಧಿಕರಣವನ್ನು 2021ರಲ್ಲಿ ರದ್ದುಪಡಿಸಲಾಯಿತು; ಇನ್ನು ಹೈಕೋರ್ಟೇ ಗತಿ. ಮೊದಲ ಚಿತ್ರವನ್ನು ಸಾಲಸೋಲ ಮಾಡಿ ಮುಗಿಸಿದವರು ವಕೀಲರ ಶುಲ್ಕವನ್ನು ಎಲ್ಲಿಂದ ತಂದಾರು? ಆ ನ್ಯಾಯಾಧಿಕರಣವನ್ನು ಮರಳಿ ಸ್ಥಾಪಿಸುವಂತೆ ನಮ್ಮ ಲೋಕಸಭಾ ಸದಸ್ಯರು ಸರಕಾರವನ್ನು ಆಗ್ರಹಪಡಿಸಬೇಕು.