ಎಂಟು ಬಂತಾ?

ಕಳೆದ ಏಪ್ರಿಲ್‌ನ ಒಂದು ಸಂಜೆ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನಮ್ಮ ಮನೆ. ಆಕಾಶ ಕಪ್ಪಿಟ್ಟಿತ್ತು. ಊರಿನ ಸೈರನ್ ಕೂಗಲು ಶುರುವಾದಾಗ ಮನೆಯಲ್ಲಿದ್ದದ್ದು ನಾನು, ಆರು ವರ್ಷದ ಮಗಳು, ಸಾಗರದ ಕಡೆಯಿಂದ ಬಂದಿದ್ದ ಅಪ್ಪ-ಅಮ್ಮ. ಗಂಡ ಆಫೀಸಿನಿಂದ ಹೊರಟು ದಾರಿಯಲ್ಲಿದ್ದ.

ಇಂಟರ್‌ನೆಟ್ ಹೋಗಿತ್ತು. ಫೋನಿಗೆ ಸುಂಟರಗಾಳಿಯ ಎಚ್ಚರಿಕೆಯೇನೋ ಬಂತು. ಆದರೆ ಗಾಳಿ ಎಲ್ಲಿದೆ, ಯಾವ ಕಡೆ ಹೊರಟಿದೆ, ಗಂಡ ಬರುವ ರಸ್ತೆಯ ಕಡೆಗಾ? ಅದನ್ನು ನಕ್ಷೆ ಹಾಕಿ ಹೇಳೋದು ಇಲ್ಲಿನ ಲೋಕಲ್ ಟಿವಿಯವರು. ಸೂರಿನ ಆಂಟೆನಾದಿಂದ ಬರೋ ಚಾನೆಲ್ ಹಾಕಿದೆ. 4, 5, 11 ಮೂರೂ ಚೌಕ ಚೌಕವಾಗಿ ಒಡೆದು ನಿಂತವು. ಹವಾಮಾನ ಹೇಳುವವರ ಕೈ ನಕ್ಷೆಯ ಮೇಲೆ, ಬಾಯಿ ತೆರೆದೇ ಇದೆ, ಮಾತಿಲ್ಲ. 8 ಅಂತೂ 'ನೋ ಸಿಗ್ನಲ್'.

ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ನಾಲ್ಕೂ ಜನ ಇಪ್ಪತ್ತು ನಿಮಿಷ ಕೂತೆವು. ಗಾಳಿ ಬೇರೆ ಕಡೆ ಹೋಯ್ತು. ಗಂಡ ಪೂರ್ತಿ ನೆನೆದು ಮನೆ ಸೇರಿದ. ಅಪ್ಪ ಮಾತ್ರ ಟಿವಿ ಮುಂದೆಯೇ ನಿಂತಿದ್ದರು. "ಇಷ್ಟು ದೊಡ್ಡ ಟಿವಿ ಇಟ್ಕೊಂಡು ಏನ್ ಬಂತು ಪುಟ್ಟಿ? ಬೇಕಾದಾಗ ಕೈ ಕೊಡ್ತಲ್ಲ."

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಆ ರಾತ್ರಿಯೇ ಆನ್‌ಲೈನಿನಲ್ಲಿ ಒಂದು ಆಂಪ್ಲಿಫೈಯರ್ ತರಿಸಿದೆ. ಟಿವಿ ಹಿಂದೆ ಸಿಕ್ಕಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ ಅರ್ಥವಾಯ್ತು: ದಾರಿಯಲ್ಲೇ ಹಾಳಾಗಿ ಬಂದ ಸಿಗ್ನಲ್ಲನ್ನು ಕೊನೆಯಲ್ಲಿ ಹಿಗ್ಗಿಸಿದರೆ ಗದ್ದಲವೂ ಜೊತೆಗೇ ಹಿಗ್ಗುತ್ತದೆ. ಆಂಪ್ಲಿಫೈಯರ್ ಬೇಕೇ ಬೇಕು ಅಂದರೆ ಅದರ ಜಾಗ ಆಂಟೆನಾದ ಬುಡ. ಟವರ್ ಹತ್ತಿರವಿರೋರಿಗೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು, ಸಿಗ್ನಲ್ ಅತಿಯಾಗಿ ಟಿವಿ ತಬ್ಬಿಬ್ಬಾಗುತ್ತದೆ.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಎಂಜಿನಿಯರ್ ಅಲ್ಲ. ಆದರೆ ನಮ್ಮೂರಿನ ಹೆಂಚಿನ ಮನೆ ಪಕ್ಕ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ ದೂರದರ್ಶನ ಹಿಡಿದವರು. ಅವರು ಗಳ ತಿರುಗಿಸೋದು, ಅಮ್ಮ ಟಿವಿ ಮುಂದೆ, ನಾನು ಅಂಗಳದ ಬಾಗಿಲಲ್ಲಿ ನಿಂತು ಆ ಕಡೆಯ ಕೂಗನ್ನು ಈ ಕಡೆಗೆ ದಾಟಿಸೋದು. "ಬಂತಾ?" "ಬಂತು, ಬಂತು... ಹೋಯ್ತು!"

ಆಗ ಸಿಗ್ನಲ್ ಕಡಿಮೆಯಾದರೆ ಚಿತ್ರದ ಮೇಲೆ ಚುಕ್ಕಿ ಸುರಿಯುತ್ತಿತ್ತು. ಮಸುಕಾದರೂ ಮುಖ ಗೊತ್ತಾಗುತ್ತಿತ್ತು. ಅಮೆರಿಕದ ದೊಡ್ಡ ಸ್ಟೇಷನ್‌ಗಳೆಲ್ಲ 2009ರ ಜೂನ್ ಹೊತ್ತಿಗೆ ಡಿಜಿಟಲ್ ಆದವು. ಡಿಜಿಟಲ್‌ನಲ್ಲಿ ಮಸುಕು ಅನ್ನೋದೇ ಇಲ್ಲ. ಒಂದು ಮಟ್ಟದವರೆಗೆ ಕನ್ನಡಿಯ ಹಾಗೆ ಬರುತ್ತೆ, ಅದರ ಕೆಳಗೆ ಇಳಿದರೆ ಒಡೆದು ಮಾಯ. ಹಾಗಾಗಿ ನಿನ್ನೆವರೆಗೂ ಚೆನ್ನಾಗಿತ್ತು ಅನ್ನೋ ಮಾತಿಗೆ ಬೆಲೆಯಿಲ್ಲ. ನಮ್ಮ ಮನೆಯಲ್ಲಿ ಅದು ಎಷ್ಟೋ ದಿನದಿಂದ ಅಂಚಿನಲ್ಲೇ ಇತ್ತು. ಮಳೆ ಒಂದು ತಳ್ಳು ತಳ್ಳಿತು, ಅಷ್ಟೆ.

ಶನಿವಾರ ಬಿಸಿಲು ಬಂತು. ಅಪ್ಪ ಹೇಳಿದ್ದು ಒಂದೇ ಮಾತು: "ಹೊಸದೇನೂ ತರಬೇಡ. ಟಿವಿಯಿಂದ ತಂತಿ ಹಿಡ್ಕೊಂಡು ಆಂಟೆನಾವರೆಗೂ ಹೋಗು. ಒಂದು ಸಲಕ್ಕೆ ಒಂದೇ ಮುಟ್ಟು."

ಹಾಗೇ ಹೊರಟೆವು. ಗ್ಯಾರೇಜಿನ ಗೋಡೆಯಲ್ಲಿ ಹಳೆಯ ಮಾಲೀಕರು ಹಾಕಿದ್ದ ನಾಲ್ಕು ದಾರಿಯ ಸ್ಪ್ಲಿಟರ್ ಸಿಕ್ಕಿತು. ಒಂದು ದಾರಿ ನಮ್ಮ ಟಿವಿಗೆ, ಮೂರು ಯಾರೂ ಇಲ್ಲದ ಕೋಣೆಗಳಿಗೆ. ಇಂಥ ಸ್ಪ್ಲಿಟರ್ ಸುಮಾರು 7 ಡೆಸಿಬಲ್ ತಿನ್ನುತ್ತದೆ. ಅಂದರೆ ಐದರಲ್ಲಿ ಒಂದು ಪಾಲು ಮಾತ್ರ ಟಿವಿಗೆ. ಅದನ್ನು ತೆಗೆದು ನೇರ ಜೋಡಿಸಿದೆವು. ಟಿವಿಯ ಮೆನುವಿನಲ್ಲಿ ಸಿಗ್ನಲ್ ತೋರಿಸುವ ಪಟ್ಟಿ ಇರುತ್ತದೆ, ಅದು ಮೇಲೇರಿತು.

ಮುಂದೆ ಹೊರಗಿನ ಜೋಡಣೆ. ಗಂಡ ಏಣಿ ಹಿಡಿದ, ನಾನು ಹತ್ತಿದೆ. ಕನೆಕ್ಟರ್ ಬಿಚ್ಚಿದರೆ ಒಂದು ಹನಿ ನೀರು! ಒಳಗಿನ ತಾಮ್ರದ ಎಳೆ ಹಸಿರುಗಟ್ಟಿತ್ತು. ಹಾಳಾದಷ್ಟು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ನೀರು ಇಳಿಯದ ಹಾಗೆ ರಬ್ಬರ್ ಟೋಪಿ ತೊಡಿಸಿದೆ. ಮನೆಯೊಳಗೆ ಹೋಗುವ ಮುಂಚೆ ಕೇಬಲ್ ಒಂದು ಸುತ್ತು ಕೆಳಗೆ ಜೋಲಾಡಬೇಕು, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಆಮೇಲೆ ದಿಕ್ಕು. ಡಲ್ಲಾಸಿನ ಮುಖ್ಯ ಟವರ್‌ಗಳೆಲ್ಲ ಇರೋದು ಸೀಡರ್ ಹಿಲ್‌ನಲ್ಲಿ, ನಮ್ಮಿಂದ ನೈಋತ್ಯದ ಕಡೆ ಸುಮಾರು 55 ಕಿಲೋಮೀಟರ್. ನಮ್ಮ ಆಂಟೆನಾ ಗಾಳಿಗೆ ತಿರುಗಿ ಪೂರ್ವ ನೋಡುತ್ತಿತ್ತು. ನಿಮ್ಮ ವಿಳಾಸ ಕೊಟ್ಟರೆ ಯಾವ ಟವರ್ ಯಾವ ದಿಕ್ಕಿನಲ್ಲಿದೆ ಅಂತ ಎಫ್‌ಸಿಸಿಯ ವೆಬ್‌ಸೈಟ್ ನಕ್ಷೆಯಲ್ಲೇ ತೋರಿಸುತ್ತದೆ. ಸ್ವಲ್ಪ ತಿರುಗಿಸಿ, ಕೆಲವು ಸೆಕೆಂಡು ಕಾಯಬೇಕು. ಡಿಜಿಟಲ್ ಟಿವಿಗೆ ಯೋಚನೆ ಮಾಡೋಕೆ ಸಮಯ ಬೇಕು.

ಅಪ್ಪ ಟಿವಿ ಮುಂದೆ. ಫೋನ್ ಮಾಡಿ ಅಂದರೆ ಕೇಳಲಿಲ್ಲ. ಮಗಳು ಹಿತ್ತಲ ಬಾಗಿಲಲ್ಲಿ. "ಅಮ್ಮಾ, ಅಜ್ಜ ಅರವತ್ತು ಅಂತಿದಾರೆ! ಈಗ ಎಂಬತ್ತಂತೆ!" 4, 5, 11 ಗಟ್ಟಿಯಾಗಿ ನಿಂತವು.

"ಎಂಟು ಬಂತಾ?"

"ಇಲ್ವಂತೆ!"

ಕೆಳಗಿಳಿದು ಬಂದೆ. ಅಪ್ಪ ಅಂಗಳಕ್ಕೆ ಬಂದು ಆಂಟೆನಾವನ್ನೇ ದಿಟ್ಟಿಸಿದರು. "ಅಲ್ವೇ, ಊರಲ್ಲಿ ನಮ್ಮ ಆಂಟೆನಾದ ಕಡ್ಡಿ ಕೈಯಷ್ಟು ಉದ್ದ ಇತ್ತು. ಇದೇನು, ಗೇಣುದ್ದ?"

ಗುಟ್ಟು ಅಲ್ಲೇ ಇತ್ತು. ಪರದೆ ಮೇಲೆ ಕಾಣುವ ನಂಬರ್ ಬರೀ ಹೆಸರು. ಇಲ್ಲಿ 4, 5, 11 ನಿಜವಾಗಿ ಪ್ರಸಾರವಾಗೋದು ಯುಎಚ್‌ಎಫ್‌ನಲ್ಲಿ. ಅಲ್ಲಿ ಅಲೆ ಚಿಕ್ಕದು, ಗೇಣಿಗಿಂತ ತುಸು ಉದ್ದದ ಕಡ್ಡಿ ಸಾಕು. 8 ಮಾತ್ರ ಇವತ್ತಿಗೂ ನಿಜವಾದ 8, ವಿಎಚ್‌ಎಫ್‌ನಲ್ಲಿ, 180 ಮೆಗಾಹರ್ಟ್ಸ್ ಆಸುಪಾಸು. ಅದಕ್ಕೆ ಸುಮಾರು 80 ಸೆಂಟಿಮೀಟರ್ ಕಡ್ಡಿ ಬೇಕು, ಹತ್ತಿರಹತ್ತಿರ ಎರಡು ಮೊಳ. ಎಲ್ಲ ಚಾನೆಲ್ ಹಿಡಿಯುತ್ತೆ ಅಂತ ಡಬ್ಬಿ ಮೇಲೆ ಬರೆದಿದ್ದನ್ನು ನಾನು ನಂಬಿದ್ದೆ. ಉದ್ದ ಕಡ್ಡಿಯಿರುವ, ವಿಎಚ್‌ಎಫ್ ಕೂಡ ಹಿಡಿಯುವ ಆಂಟೆನಾ ತಂದೆವು. ಇದೊಂದೇ ನಿಜವಾಗಿ ಬೇಕಾಗಿದ್ದ ಖರ್ಚು.

8 ಬಂತು. ಅಮ್ಮ ಅಡುಗೆಮನೆ ದೀಪ ಹಾಕಿದರು, ಹೋಯ್ತು! ಆರಿಸಿದರೆ ಮತ್ತೆ ಬಂತು. ಕೆಲವು ಎಲ್‌ಇಡಿ ಬಲ್ಬುಗಳು ವಿಎಚ್‌ಎಫ್‌ನಲ್ಲಿ ಗದ್ದಲ ಹಬ್ಬಿಸುತ್ತವೆ. ಒಂದೊಂದೇ ಆರಿಸಿ ನೋಡಿ ಕಳ್ಳನನ್ನು ಹಿಡಿದೆವು, ಬಲ್ಬ್ ಬದಲಾಯಿಸಿದೆವು. ಎಲ್ಲ ಮುಗಿದ ಮೇಲೆ ಚಾನೆಲ್ ಹೊಸದಾಗಿ ಸ್ಕ್ಯಾನ್ ಮಾಡಿದ್ದು. ಅದನ್ನು ಮೊದಲೇ ಮಾಡಬೇಡಿ. ಸಿಗ್ನಲ್ ಇಲ್ಲದಾಗ ಸ್ಕ್ಯಾನ್ ಮಾಡಿದರೆ ಎಷ್ಟೋ ಟಿವಿಗಳು ಇದ್ದ ಚಾನೆಲ್‌ಗಳನ್ನೂ ಮರೆತುಬಿಡುತ್ತವೆ.

ಬಡಾವಣೆಯ ಸಂಘ ಆಂಟೆನಾ ಬೇಡ ಅನ್ನುತ್ತೆ ಅಂತ ಹೆದರುವವರಿಗೆ ಒಂದು ಮಾತು. ಸ್ವಂತ ಜಾಗದಲ್ಲಿ ಲೋಕಲ್ ಟಿವಿ ಆಂಟೆನಾ ಹಾಕೋದಕ್ಕೆ 1996ರಿಂದ ಎಫ್‌ಸಿಸಿ ನಿಯಮದ ರಕ್ಷಣೆ ಇದೆ. ಕಂಬಕ್ಕೆ, ಕೇಬಲ್‌ಗೆ ಅರ್ಥಿಂಗ್ ಮಾಡಿಸಿ. ಕರೆಂಟಿನ ತಂತಿ ಹತ್ತಿರವಿದ್ದರೆ, ಮೋಡ ಕಟ್ಟಿದ್ದರೆ ಏಣಿ ಮುಟ್ಟಲೇಬೇಡಿ. ಕರೆಂಟೇ ಹೋದರೆ ಟಿವಿಯೂ ಹೋಯ್ತಲ್ಲ, ಅದಕ್ಕೆ ಬ್ಯಾಟರಿಯ ವೆದರ್ ರೇಡಿಯೋ ಒಂದನ್ನು ತಂದಿಟ್ಟಿದ್ದೇವೆ.

ಮೇ ತಿಂಗಳಲ್ಲಿ ಮತ್ತೆ ಸೈರನ್ ಕೂಗಿತು. ಈ ಸಲ ನಕ್ಷೆ ಒಡೆಯಲಿಲ್ಲ. ಗಂಡ ಮತ್ತೆ ದಾರಿಯಲ್ಲಿದ್ದ. ಅಪ್ಪ ಟಿವಿ ನೋಡುತ್ತಲೇ "ಅವನಿಗೆ ಹೇಳು, ಆಫೀಸಿಗೇ ವಾಪಸ್ ಹೋಗಿ ಕೂತಿರಲಿ. ಇನ್ನೊಂದು ಅರ್ಧ ಗಂಟೆ" ಅಂದರು. ಅವನು ಹಾಗೇ ಮಾಡಿದ.

ಬಂದ ಮೊದಲ ವಾರ ಅಪ್ಪ ಹೇಳಿದ್ದರು, "ಇಲ್ಲಿ ನಾನು ಪಾರ್ಸೆಲ್ ಇದ್ದ ಹಾಗೆ ಪುಟ್ಟಿ, ಇಟ್ಟಲ್ಲಿ ಇರೋದು." ಆ ಮಾತು ಆಮೇಲೆ ಬರಲಿಲ್ಲ. ಈಗ ಊರಿಗೆ ವಾಪಸ್ಸಾಗಿದ್ದಾರೆ. ಭಾನುವಾರ ಫೋನ್ ಮಾಡಿದರೆ ಮಳೆ, ಅಡಿಕೆ, ಅಮ್ಮನ ಮಂಡಿನೋವು ಎಲ್ಲ ಆಮೇಲೆ. ಮೊದಲ ಪ್ರಶ್ನೆ ಒಂದೇ.

"ಎಂಟು ಬರ್ತಿದೆಯಾ?"